ಇಪ್ಪತ್ತು ಹನಿ

ಸೋಮವಾರ ಬೆಳಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷಕ್ಕೆ ರಾಸಾಯನಿಕಗಳ ಅಂಗಡಿಯಿಂದ ಫೋನ್ ಬಂತು. ಪಲ್ಲಾಡಿಯಂ ಲವಣದ ಬೆಲೆ ಹಿಂದಿನ ಸಲಕ್ಕಿಂತ ಎರಡೂಮುಕ್ಕಾಲು ಪಟ್ಟಾಗಿತ್ತು. ಆ ಬೆಲೆ ಕೊಡುತ್ತೇನೆಂದರೂ ಮೂರು ವಾರ ಸರಕು ಬರುವಂತಿರಲಿಲ್ಲ.

ಫೋನ್ ಮೊದಲು ಎತ್ತಿದ್ದು ಅತ್ತೆ. ಅವರು ಯಾವ ಫೋನ್ ಎತ್ತಿದರೂ ಹೇಳುವುದು ಒಂದೇ ಮಾತು.

"ನಂಬರ್ ಪ್ಲೀಸ್."

"ಅಮ್ಮ, ನಾನೇ ನಿಮಗೆ ಫೋನ್ ಮಾಡಿರೋದು," ಎಂದ ಅಂಗಡಿಯವನು.

"ಗೊತ್ತು. ಅಭ್ಯಾಸ," ಎಂದು ಅತ್ತೆ ಫೋನನ್ನು ಸೊಸೆಗೆ ದಾಟಿಸಿದರು.

ಅತ್ತೆಗೆ ಎಪ್ಪತ್ತೆಂಟು ವರ್ಷ. ಮೂವತ್ತೆರಡು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ಸೊಸೆಗೆ ನಲವತ್ತೆಂಟು. ಬೀದಿಯವರೆಲ್ಲ ಅವಳನ್ನು ಕರೆಯುವುದು ಪ್ರಿಂಟಕ್ಕ ಎಂದು. ಅತ್ತೆ ಮಾತ್ರ ಮದುವೆಯಾದ ದಿನದಿಂದ ಇವತ್ತಿನವರೆಗೂ "ಏ ಹುಡುಗಿ" ಎಂದೇ ಕರೆಯುತ್ತಾರೆ. ಅವಳ ಗಂಡ ದೂರದ ಮಾರ್ಗದ ಬಸ್ ಚಾಲಕ. ಒಂದು ದಿನ ಮನೆಯಲ್ಲಿದ್ದರೆ ಎರಡು ದಿನ ರಸ್ತೆಯಲ್ಲಿ.

ಪ್ರಿಂಟಕ್ಕನ ಕೆಲಸ ನಡೆಯುವುದು ಮನೆಯ ಹಿಂದಿನ ಕೋಣೆಯಲ್ಲಿ. ಹನ್ನೆರಡು ಅಡಿ ಉದ್ದ, ಒಂಬತ್ತು ಅಡಿ ಅಗಲ. ಒಂದು ಕಲ್ಲಿನ ಸಿಂಕ್, ನಾಲ್ಕು ಟ್ರೇ, ನೇರಳಾತೀತ ದೀಪಗಳಿರುವ ಒಂದು ಮರದ ಪೆಟ್ಟಿಗೆ, ಹಾಳೆ ಒಣಗಿಸಲು ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ. ಅವಳು ಫೋಟೋ ಪ್ರಿಂಟ್ ಮಾಡುವುದು ಯಂತ್ರದಲ್ಲಲ್ಲ. ಕಬ್ಬಿಣದ ಲವಣದ ದ್ರಾವಣ ಮತ್ತು ಪಲ್ಲಾಡಿಯಂ ದ್ರಾವಣವನ್ನು ಸಮ ಪ್ರಮಾಣದಲ್ಲಿ ಬೆರೆಸಿ, ಹತ್ತಿಯ ಕಾಗದಕ್ಕೆ ಬ್ರಷ್ಷಿನಿಂದ ಹಚ್ಚಿ, ಒಣಗಿಸಿ, ಮೇಲೆ ನೆಗೆಟಿವ್ ಇಟ್ಟು ದೀಪದ ಪೆಟ್ಟಿಗೆಯಲ್ಲಿ ಬೆಳಕು ಕೊಡುತ್ತಾಳೆ. ಆಮೇಲೆ ಡೆವಲಪರ್ ಸುರಿದರೆ ಚಿತ್ರ ಒಂದೇ ಉಸಿರಿಗೆ ಮೂಡುತ್ತದೆ. ಆ ಚಿತ್ರದಲ್ಲಿರುವುದು ಶಾಯಿಯಲ್ಲ, ಕಾಗದದ ಎಳೆಗಳೊಳಗೆ ಕೂತ ಪಲ್ಲಾಡಿಯಂ ಲೋಹ. ಕಾಗದ ಇರುವವರೆಗೂ ಅದು ಮಾಸುವುದಿಲ್ಲ.

ಕಾರಿನ ಹೊಗೆ ಶುದ್ಧ ಮಾಡುವ ಭಾಗಕ್ಕೆ ಹಾಕುವುದೂ ಇದೇ ಲೋಹವನ್ನು. ಕಾರ್ಖಾನೆಗಳು ಹೆಚ್ಚು ಕೊಂಡರೆ ಪ್ರಿಂಟಕ್ಕನ ಸೀಸೆ ತುಟ್ಟಿಯಾಗುತ್ತದೆ. ಎರಡು ವರ್ಷದಿಂದ ಅದು ತುಟ್ಟಿಯಾಗುತ್ತಲೇ ಇತ್ತು. ಕಾಗದವೂ ಏರಿತ್ತು. ಅವಳು ಕೈಲಾದ ಕಡೆಯೆಲ್ಲ ಬಿಗಿ ಹಿಡಿದಿದ್ದಳು. ಚಿತ್ರದ ಸುತ್ತ ಬಿಡುವ ಅಂಚನ್ನು ನಾಲ್ಕು ಬೆರಳಿನಿಂದ ಎರಡಕ್ಕೆ ಇಳಿಸಿದ್ದಳು. ಕೆಟ್ಟ ಪ್ರಿಂಟುಗಳ ಹಿಂಬದಿಯಲ್ಲೇ ಪರೀಕ್ಷೆ ಮಾಡುತ್ತಿದ್ದಳು. ಪ್ರಿಂಟಿನ ಹಳದಿ ತೆಗೆಯಲು ದುಬಾರಿ ಪುಡಿಯ ಬದಲು ಕಿರಾಣಿ ಅಂಗಡಿಯ ನಿಂಬೆ ಉಪ್ಪು ತರುತ್ತಿದ್ದಳು. ಡೆವಲಪರ್ ಎಸೆದಿದ್ದೇ ಇಲ್ಲ. ಅದು ಹಳೆಯದಾದಷ್ಟೂ ಒಳ್ಳೆಯದು. ಅವಳದಕ್ಕೆ ಹದಿಮೂರು ವರ್ಷವಾಗಿತ್ತು.

ಪಲ್ಲಾಡಿಯಂ ಒಂದರಲ್ಲಿ ಮಾತ್ರ ಕತ್ತರಿ ಹಾಕಲು ಆಗಿರಲಿಲ್ಲ. ಸಿಂಕಿನ ಮೇಲಿನ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಅವಳ ಗುರು ಹೇಳಿ ಬರೆಸಿದ ಅಳತೆ ಇತ್ತು: ಇಪ್ಪತ್ತು ಹನಿ ಕಬ್ಬಿಣ, ಇಪ್ಪತ್ತು ಹನಿ ಪಲ್ಲಾಡಿಯಂ. ಎಂಟು ಅಂಗುಲಕ್ಕೆ ಹತ್ತು ಅಂಗುಲದ ಒಂದು ಚಿತ್ರಕ್ಕೆ ಇದು. ಹದಿನೆಂಟಕ್ಕೆ ಇಳಿಸಿ ನೋಡಿದ್ದಳು, ಅಂಚಿನಲ್ಲಿ ಬ್ರಷ್ಷಿನ ಗೆರೆ ಬಿದ್ದಿತ್ತು. ಮತ್ತೆ ಆ ಗೋಜಿಗೆ ಹೋಗಿರಲಿಲ್ಲ.

ಈಗ ಕೈಯಲ್ಲಿದ್ದ ಕೆಲಸ ಇಪ್ಪತ್ತನಾಲ್ಕು ಪ್ರಿಂಟಿನದು. ಹಳೆಯ ಎಕ್ಸ್‌ಚೇಂಜ್ ಕಟ್ಟಡವನ್ನು ಸಂಗ್ರಹಾಲಯ ಮಾಡಿದ್ದರು. ಅಲ್ಲಿನ ಉಗ್ರಾಣದ ತಗಡಿನ ಡಬ್ಬಿಯಲ್ಲಿ ಇಪ್ಪತ್ತನಾಲ್ಕು ಆಪರೇಟರುಗಳ ನೆಗೆಟಿವ್ ಸಿಕ್ಕಿತ್ತು. ಒಬ್ಬೊಬ್ಬರೂ ತಮ್ಮ ತಮ್ಮ ಆಸನದಲ್ಲಿ ಕಿವಿಗೆ ಹೆಡ್‌ಫೋನ್ ಹಾಕಿ ಕೂತ ಚಿತ್ರ. ಆಸನದ ಸಂಖ್ಯೆಯ ಕ್ರಮದಲ್ಲೇ ಅವುಗಳನ್ನು ಹಜಾರದಲ್ಲಿ ತೂಗುಹಾಕಬೇಕು, ಭಾನುವಾರ ಹತ್ತು ಗಂಟೆಗೆ ಉದ್ಘಾಟನೆ. ಒಪ್ಪಂದದಲ್ಲಿ ಎರಡು ಷರತ್ತು ಇದ್ದವು. ಇಪ್ಪತ್ತನಾಲ್ಕೂ ಪಲ್ಲಾಡಿಯಂ ಪ್ರಿಂಟುಗಳೇ ಆಗಿರಬೇಕು. ಶನಿವಾರ ಸಂಜೆ ನಾಲ್ಕಕ್ಕೆ ಇಪ್ಪತ್ತನಾಲ್ಕೂ ಒಟ್ಟಿಗೆ ಕೈಸೇರಬೇಕು, ಬಿಡಿಬಿಡಿಯಾಗಿ ತೆಗೆದುಕೊಳ್ಳುವುದಿಲ್ಲ.

ಹದಿನೇಳನೇ ಆಸನ ಅತ್ತೆಯದು.

ಪ್ರಿಂಟಕ್ಕ ಸೀಸೆಯನ್ನು ಬೆಳಕಿಗೆ ಹಿಡಿದಳು. ಗೆರೆಯ ಪ್ರಕಾರ ಹದಿನಾರು ಮಿಲಿ ಇತ್ತು. ಒಂದು ಪ್ರಿಂಟಿಗೆ ಒಂದು ಮಿಲಿ ಹೋಗುತ್ತದೆಂಬುದು ಅವಳಿಗೆ ವರ್ಷಗಳಿಂದ ಗೊತ್ತು.

"ಎಷ್ಟಾಗುತ್ತೆ?" ಎಂದರು ಅತ್ತೆ ಬಾಗಿಲಿನಿಂದ.

"ಹದಿನಾರು."

ಅತ್ತೆ ಬೆರಳು ಮಡಚಿ ಎಣಿಸಿದರು. "ಒಂದೇ ಒಂದು ಕಡಿಮೆ ಬಿತ್ತಲ್ಲೇ ಹುಡುಗಿ."

"ಒಂದಲ್ಲ ಅತ್ತೆ, ಎಂಟು ಕಡಿಮೆ."

"ನನ್ನ ಲೆಕ್ಕ ನನಗೆ," ಎಂದರು ಅತ್ತೆ.

ಸಂಗ್ರಹಾಲಯದ ಅಧಿಕಾರಿಗೆ ಅವಳು ಹತ್ತು ಗಂಟೆಗೆ ಫೋನ್ ಮಾಡಿ ಇದ್ದುದನ್ನು ಇದ್ದಂತೆ ಹೇಳಿದಳು. ಆತ ಒಳ್ಳೆಯವನೇ. ಪೂರ್ತಿ ಕೇಳಿಸಿಕೊಂಡ.

"ನನಗೂ ಪಲ್ಲಾಡಿಯಮ್ಮೇ ಬೇಕು ಮೇಡಂ. ಆದ್ರೆ ಭಾನುವಾರ ಗೋಡೆ ಖಾಲಿ ಇರೋಕಾಗಲ್ಲ. ಆರು ಜನ ಬದುಕಿದಾರೆ, ಆರೂ ಜನ ಬರ್ತಿದಾರೆ. ಹದಿನಾರು ಹಾಕಿ ಎಂಟು ಬಿಟ್ರೆ ಅವರ ಮುಖ ಹೇಗೆ ನೋಡ್ಲಿ? ಬುಧವಾರ ರಾತ್ರಿ ಒಳಗೆ ಆಗುತ್ತೆ ಅಂತ ಹೇಳಿದ್ರೆ ಕಾಯ್ತೀನಿ. ಇಲ್ಲದಿದ್ರೆ ಗುರುವಾರ ಡಿಜಿಟಲ್ ಅಂಗಡಿಗೆ ಕೊಡ್ತೀನಿ. ಅವರು ಒಂದೇ ದಿನದಲ್ಲಿ ತೆಗೆದುಕೊಡ್ತಾರೆ."

ಕೆಲಸ ಕೈತಪ್ಪಿದರೆ ಏನೆಂದು ಮನೆಯಲ್ಲಿ ಮೊದಲೇ ತೀರ್ಮಾನವಾಗಿತ್ತು. ಈ ವರ್ಷ ಇದೊಂದೇ ದೊಡ್ಡ ಕೆಲಸ. ಇದೂ ಇಲ್ಲವೆಂದರೆ ದೀಪದ ಪೆಟ್ಟಿಗೆ ಮಾರಿ ಕೋಣೆಯನ್ನು ಎದುರುಮನೆಯ ದರ್ಜಿಗೆ ಬಾಡಿಗೆಗೆ ಕೊಡುವುದು. ಭಾನುವಾರ ಹೇಳುತ್ತೇನೆಂದು ಅವಳೇ ಅವನಿಗೆ ಮಾತು ಕೊಟ್ಟಿದ್ದಳು.

ದರ್ಜಿಗೆ ತಾಳ್ಮೆ ಕಡಿಮೆ. ಹನ್ನೊಂದು ಗಂಟೆಗೆ ಕೊರಳಲ್ಲಿ ಟೇಪು ನೇತುಹಾಕಿಕೊಂಡು ಬಂದ.

"ಬರೀ ಅಳತೆ ತಗೊಂಡು ಹೋಗ್ತೀನಿ ಅಕ್ಕ. ನೀವು ನಿಮ್ಮ ಕೆಲಸ ಮಾಡ್ಕೊಳಿ."

"ನಾನಿನ್ನೂ ಬದುಕಿದೀನಪ್ಪ."

"ಬದುಕಿರೋವ್ರದ್ದೇ ಅಳತೆ ತಗೊಳ್ಳೋದು ನಾವು."

ಅವನು ಗೋಡೆ ಅಳೆದ, ಕಿಟಕಿ ಅಳೆದ. ಸಿಂಕಿನ ಹತ್ತಿರ ಬಂದಾಗ ಪ್ರಿಂಟಕ್ಕ, "ಅದು ಐದು ಗೇಣು ಇದೆ, ಅಳೀಬೇಡ, ಬಟ್ಟೆಗೆ ಕಲೆಯಾಗುತ್ತೆ," ಎಂದಳು.

"ಗೇಣಾ?" ದರ್ಜಿ ನಕ್ಕ. "ಯಾರ ಗೇಣು ಅಕ್ಕ? ನಿಮ್ಮದೋ ನಂದೋ? ನಾನು ಗೇಣಲ್ಲಿ ಅಳೆದು ಹೊಲಿದ್ರೆ ಗಂಡನ ಅಂಗಿ ಹೆಂಡ್ತಿಗಾಗುತ್ತೆ." ಟೇಪು ಹಿಡಿದು ಅಳೆದು, ನಲವತ್ತೊಂದು ಅಂಗುಲ ಎಂದು ಬರೆದುಕೊಂಡು ಹೋದ.

ಎರಡು ಗಂಟೆಗೆ ಅತ್ತೆಯ ಕಣ್ಣಿನ ಔಷಧಿಯ ಹೊತ್ತು. ದಿನಕ್ಕೆ ಎರಡು ಸಲ, ಒಂದೊಂದು ಕಣ್ಣಿಗೆ ಒಂದೊಂದು ಹನಿ. ಹಾಕುವುದು ಸೊಸೆ. ಅತ್ತೆ ಕುರ್ಚಿಗೆ ಒರಗಿ ಮುಖ ಮೇಲೆತ್ತಿದರು. ಹನಿ ಬಿತ್ತು. ಅರ್ಧ ಕಣ್ಣೊಳಗೆ ಹೋಯಿತು, ಅರ್ಧ ಕೆನ್ನೆಗೆ ಹರಿಯಿತು.

"ನೋಡು, ಮತ್ತೆ ಕೆನ್ನೆಗೆ. ಈ ಹೊಸ ಸೀಸೆ ಬಂದಾಗಿಂದ ನನ್ನ ಕೆನ್ನೆಗೂ ದೃಷ್ಟಿ ಬಂದಿರ್ಬೇಕು."

"ಅಲುಗಾಡ್ಬೇಡಿ ಅತ್ತೆ."

"ಅಲುಗಾಡ್ತಿಲ್ಲ. ಹನೀನೇ ದಪ್ಪ. ಹಳೇ ಕಂಪನಿ ಸೀಸೆ ತಿಂಗಳು ಬರ್ತಿತ್ತು. ಇದು ಹದಿನೆಂಟು ದಿನಕ್ಕೆ ಖಾಲಿ. ಎರಡರ ಮೇಲೂ ಬರೆದಿರೋದು ಐದು ಮಿಲಿ. ಬೆಲೆ ಏರಿಸಿದ್ದು ಸಾಲ್ದು ಅಂತ ಮೂತಿಯನ್ನೂ ಅಗಲ ಮಾಡಿದಾರೆ. ಡಾಕ್ಟ್ರಿಗೆ ಹೇಳಿದ್ರೆ, ಒಂದೇ ಹನಿ ತಾನೇ ಅಮ್ಮ ಹಾಕ್ತಿರೋದು ಅಂತಾರೆ. ಒಂದೇ ಹನಿ ಸರಿ. ಯಾರ ಹನಿ?"

ಪ್ರಿಂಟಕ್ಕ ಎರಡನೇ ಕಣ್ಣಿಗೆ ಹಾಕುವುದನ್ನು ಮರೆತು ಸೀಸೆ ಹಿಡಿದು ನಿಂತಳು.

"ಇನ್ನೊಂದು ಕಣ್ಣು ಕಾಯ್ತಾ ಇದೆ," ಎಂದರು ಅತ್ತೆ.

ಅವಳು ಹಾಕಿದಳು. ನೆಟ್ಟಗೆ ಹಿಂದಿನ ಕೋಣೆಗೆ ಹೋಗಿ ತನ್ನ ಡ್ರಾಪರ್ ತೆಗೆದುಕೊಂಡಳು. ಪ್ಲಾಸ್ಟಿಕ್ಕಿನದು, ಮೂತಿ ಅಕ್ಕಿಕಾಳಿನಷ್ಟು ಅಗಲ. ಕೆಲಸ ಕಲಿತಾಗ ಅವಳ ಬಳಿ ಇದ್ದದ್ದು ಇದಲ್ಲ. ಗುರು ಕೊಟ್ಟ ಗಾಜಿನ ಡ್ರಾಪರ್ ಇತ್ತು, ತುದಿ ಸೂಜಿಯಂತೆ ಎಳೆದದ್ದು. ಒಂಬತ್ತು ವರ್ಷದ ಹಿಂದೆ ಅದು ಸಿಂಕಿಗೆ ಬಿದ್ದು ಒಡೆದಿತ್ತು. ಮಾರನೇ ದಿನ ಪ್ಲಾಸ್ಟಿಕ್ಕಿನ ಒಂದು ಪೊಟ್ಟಣ ತಂದಿದ್ದಳು. ಡ್ರಾಪರ್ ಬದಲಾಯಿತು. ಗೋಡೆಯ ಮೇಲಿನ ಚೀಟಿ ಬದಲಾಗಲಿಲ್ಲ.

ಅಳತೆಗಾಜಿನಲ್ಲಿ ಐದು ಮಿಲಿ ನೀರು ತುಂಬುವವರೆಗೆ ಅವಳು ಹನಿ ಎಣಿಸಿದಳು. ಸರಿಯಾಗಿ ನೂರು. ಎರಡನೇ ಸಲ ಎಣಿಸಿದಾಗ ತೊಂಬತ್ತೊಂಬತ್ತು.

ಗುರುವಿಗೆ ಎಂಬತ್ತೊಂದು ವರ್ಷ. ಎಲ್ಲರಿಗೂ ಮೇಷ್ಟ್ರು. ಮೂರು ಗಂಟೆ ಬಸ್ ದಾರಿಯ ದೂರದಲ್ಲಿ ಮಗಳ ಮನೆಯಲ್ಲಿದ್ದರು. ಅವರು ಫೋನ್ ಎತ್ತಿದ ಕೂಡಲೇ ಪ್ರಿಂಟಕ್ಕ ಕೇಳಿದಳು.

"ಮೇಷ್ಟ್ರೇ, ನಿಮ್ಮ ಹನಿ ಎಷ್ಟು ದಪ್ಪ?"

"ಊಟ ಆಯ್ತಾ? ಮೈಯಲ್ಲಿ ಹುಷಾರಾಗಿದೀಯಾ?"

"ಹುಷಾರಾಗಿದೀನಿ. ಇಪ್ಪತ್ತು ಹನಿ ಅಂತ ಬರೆಸಿದ್ರಲ್ಲ, ಮಿಲಿ ಲೆಕ್ಕದಲ್ಲಿ ಎಷ್ಟು?"

"ಹನಿ ಅಂದ್ರೆ ಹನಿ. ಡ್ರಾಪರ್ ಒತ್ತು, ಬೀಳುತ್ತೆ, ಎಣಿಸು."

"ಗಾಜಿನ ಡ್ರಾಪರ್ ಒಂದು ಹನಿ ಬಿಡುತ್ತೆ, ಪ್ಲಾಸ್ಟಿಕ್ಕಿಂದು ಇನ್ನೊಂದು ಹನಿ ಬಿಡುತ್ತೆ."

"ಪ್ಲಾಸ್ಟಿಕ್ ಡ್ರಾಪರ್ ಯಾವ ಬುದ್ಧಿಗೇಡಿ ಇಟ್ಕೊಂಡಿದಾನೆ?"

"ಇಟ್ಕೊಂಡಿದಾಳೆ. ನಾನೇ. ಒಂಬತ್ತು ವರ್ಷದಿಂದ."

"ನಾನು ಕೊಟ್ಟಿದ್ದು ಎಲ್ಲಿ?"

"ಒಡೀತು."

"ಹೇಳಲೇ ಇಲ್ಲ."

"ಬೈತೀರ ಅಂತ."

"ಈಗ ಬೈಯಲ್ಲ ಅಂದ್ಕೊಂಡ್ಯಾ?" ಮೇಷ್ಟ್ರು ಬೈದರು. ಎರಡು ನಿಮಿಷ ಹಿಡಿಯಿತು. ಕೊನೆಗೆ ಧ್ವನಿ ಇಳಿಸಿ, "ಅದರ ಜೋಡಿ ನನ್ನ ಹತ್ರ ಇದೆ. ಒಂದೇ ಕೊಳವೆಯಿಂದ ಎಳೆಸಿದ್ದು ಎರಡೂ. ನಿನ್ನ ಗಂಡ ಈ ಕಡೆ ಯಾವಾಗ ಬರ್ತಾನೆ?" ಎಂದರು.

ಗಂಡ ಮಂಗಳವಾರ ಮಧ್ಯಾಹ್ನ ಅದೇ ಊರಿನಿಂದ ಬಸ್ ತರುವವನಿದ್ದ. ಮೇಷ್ಟ್ರ ಮಗಳು ಬಸ್ ನಿಲ್ದಾಣಕ್ಕೆ ಬಂದು ಡ್ರಾಪರನ್ನು ಉಣ್ಣೆಯ ಕಾಲುಚೀಲದಲ್ಲಿ ಸುತ್ತಿ ಕೊಟ್ಟಳು. ಅವನು ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಮೂರು ಗಂಟೆ ಬಸ್ ಓಡಿಸಿದ. ಆರೂ ಇಪ್ಪತ್ತಕ್ಕೆ ಮನೆ ಸೇರಿದ.

"ಇವತ್ತು ಒಂದು ಹಳ್ಳಕ್ಕೂ ಇಳಿಸಿಲ್ಲ," ಎಂದ. "ಪ್ರಯಾಣಿಕರು ಹುಷಾರಿಲ್ವಾ ಅಂತ ಕೇಳಿದ್ರು."

ಅತ್ತೆ, ಗಂಡ, ಪ್ರಿಂಟಕ್ಕ, ಮೂವರೂ ಸಿಂಕಿನ ಸುತ್ತ ನಿಂತು ಬಾಯಿ ಬಿಡದೆ ಎಣಿಸಿದರು. ಐದು ಮಿಲಿ ತುಂಬಲು ಗಾಜಿನ ಡ್ರಾಪರಿನಿಂದ ನೂರ ಅರವತ್ತೇಳು ಹನಿ ಬೇಕಾಯಿತು. ಅಂದರೆ ಮೇಷ್ಟ್ರ ಇಪ್ಪತ್ತು ಹನಿ ಸೊನ್ನೆ ಬಿಂದು ಆರು ಮಿಲಿ. ಅವಳು ಒಂಬತ್ತು ವರ್ಷ ಹಾಕಿದ್ದು ಒಂದು ಮಿಲಿ.

"ಉಳಿದಿದ್ದು ಎಲ್ಲಿ ಹೋಯ್ತು?" ಎಂದು ಗಂಡ ಕೇಳಿದ.

ಅವಳಿಗೆ ಆ ಕ್ಷಣದಲ್ಲೇ ಉತ್ತರ ಹೊಳೆಯಿತು. ಪ್ರತಿ ಸಲ ಡೆವಲಪರ್ ಸುರಿದಾಗ ಪ್ರಿಂಟಿನ ಮೇಲಿಂದ ಕಪ್ಪು ಹೊಗೆಯಂಥದ್ದು ಎದ್ದು ಟ್ರೇಯಲ್ಲಿ ಹರಡುತ್ತಿತ್ತು. ಕಾಗದದೊಳಗೆ ಜಾಗವಿಲ್ಲದೆ ಮೇಲೆ ನಿಂತ ಲೋಹ ಅದು. ಕಾಗದದ ಗುಣವೇ ಹಾಗೆ ಎಂದುಕೊಂಡು ಅವಳು ಮೂರು ಸಲ ಕಾಗದ ಬದಲಿಸಿದ್ದಳು.

"ಟ್ರೇಗೆ ಹೋಯ್ತು. ಬ್ರಷ್ಷಿಗೆ ಹೋಯ್ತು."

"ಒಂಬತ್ತು ವರ್ಷ ಬ್ರಷ್ಷಿಗೆ ಕುಡಿಸಿ ಸಾಕಿದೀಯ," ಎಂದರು ಅತ್ತೆ. "ನನ್ನ ಮಗನಿಗೂ ನೀನು ಅಷ್ಟು ಮಾಡಿಲ್ಲ."

ಹದಿನಾರು ಮಿಲಿಯನ್ನು ಸೊನ್ನೆ ಬಿಂದು ಆರರಿಂದ ಭಾಗಿಸಿದರೆ ಇಪ್ಪತ್ತಾರು ಪ್ರಿಂಟು. ಬೇಕಾದದ್ದು ಇಪ್ಪತ್ತನಾಲ್ಕು. ಕೆಡಿಸಲು ಇದ್ದದ್ದು ಎರಡೇ.

ಬುಧವಾರ ಬೆಳಗ್ಗೆ ಎಂಟಕ್ಕೆ ಮೊದಲನೇ ಆಸನದ ನೆಗೆಟಿವ್ ತೆಗೆದುಕೊಂಡಳು. ಗಾಜಿನ ಡ್ರಾಪರಿನಿಂದ ಇಪ್ಪತ್ತು ಹನಿ ಅದು, ಇಪ್ಪತ್ತು ಹನಿ ಇದು. ಕಾಗದದ ಮೇಲೆ ಸುರಿದು ಬ್ರಷ್ ಆಡಿಸಿದಳು. ಅರ್ಧ ದಾರಿಗೆ ಬ್ರಷ್ ಒಣಗಿ ಎಳೆಯತೊಡಗಿತು. ಬೆಳಕು ಕೊಟ್ಟು ಡೆವಲಪರ್ ಸುರಿದಾಗ ಮೊದಲನೇ ಆಸನದ ಆಪರೇಟರ್ ಹಣೆಯ ಮೇಲೆ ಪೊರಕೆಯಿಂದ ಗುಡಿಸಿದಂಥ ಗೆರೆಗಳು ಮೂಡಿದವು.

ಒಂದು ಕೆಟ್ಟಿತು. ಇನ್ನು ಕೆಡಿಸಲು ಉಳಿದದ್ದು ಒಂದೇ.

ಅವಳು ಎರಡನೇ ಹಾಳೆ ಮುಟ್ಟಲಿಲ್ಲ. ಮೇಷ್ಟ್ರಿಗೆ ಫೋನ್ ಮಾಡಿದಳು.

"ಇಷ್ಟು ಕಡಿಮೆಯಲ್ಲಿ ನೀವು ಹೇಗೆ ಹಚ್ತಿದ್ರಿ? ನನ್ನ ಬ್ರಷ್ ಎಲ್ಲಾ ಕುಡಿದುಬಿಡ್ತು."

"ಒಣ ಬ್ರಷ್ ತಗೊಂಡ್ಯಾ?"

"ಒಣಗಿದ್ದೇ ತಾನೇ ತಗೊಳ್ಳೋದು?"

"ನನ್ನ ಹೆಗಲ ಮೇಲೆ ಯಾವಾಗ್ಲೂ ಏನಿರ್ತಿತ್ತು?"

ಅವಳು ನೆನಪಿಸಿಕೊಂಡಳು. ಒಂದು ಒದ್ದೆ ಬಟ್ಟೆ. ಮೇಷ್ಟ್ರು ಪ್ರತಿ ಹಾಳೆಗೂ ಮುಂಚೆ ಬ್ರಷ್ಷನ್ನು ಅದಕ್ಕೆ ಎರಡು ಸಲ ಒತ್ತುತ್ತಿದ್ದರು. "ಕೈ ಒರೆಸೋಕೆ ಅಂದ್ಕೊಂಡಿದ್ದೆ."

"ಕೈ ಒರೆಸೋಕೆ ಪಂಚೆ ಇರ್ಲಿಲ್ವಾ ನನಗೆ? ಬ್ರಷ್ಷಿಗೆ ಮೊದಲು ನೀರು ಕುಡಿಸು. ಶುದ್ಧ ನೀರು. ಹೊಟ್ಟೆ ತುಂಬಿದ ಮೇಲೆ ಅದು ನಿನ್ನ ಪಲ್ಲಾಡಿಯಂ ಕುಡಿಯಲ್ಲ. ಹೇಳಿದ್ದೆ ನಿನಗೆ."

"ಹೇಳಿರ್ಲಿಲ್ಲ ಮೇಷ್ಟ್ರೇ."

"ತೋರಿಸಿದ್ದೆ," ಎಂದು ಮೇಷ್ಟ್ರು ಫೋನ್ ಇಟ್ಟರು.

ಒಂಬತ್ತೂ ನಲವತ್ತಕ್ಕೆ ಅವಳು ಒದ್ದೆ ಬಟ್ಟೆ ಹೆಗಲಿಗೆ ಹಾಕಿಕೊಂಡು ಮತ್ತೆ ಶುರು ಮಾಡಿದಳು. ದ್ರಾವಣ ಹಾಳೆಯ ಈ ಅಂಚಿನಿಂದ ಆ ಅಂಚಿಗೆ ತೆಳ್ಳಗೆ ಹರಡಿತು, ಎಲ್ಲೂ ಮಡುಗಟ್ಟಲಿಲ್ಲ. ಡೆವಲಪರ್ ಸುರಿದಾಗ ಕಪ್ಪು ಹೊಗೆ ಏಳಲಿಲ್ಲ. ಟ್ರೇಯ ತಳ ಕಾಣುತ್ತಿತ್ತು. ಹೆಡ್‌ಫೋನಿನ ಕಪ್ಪು ಕಪ್ಪಾಗಿಯೂ, ಆ ಕಪ್ಪಿನೊಳಗೆ ಅದರ ತಿರುಪುಗಳು ಒಂದೊಂದಾಗಿಯೂ ಕಂಡವು. ಹಿಂದಿನ ವರ್ಷ ಇದೇ ನೆಗೆಟಿವಿನಿಂದ ಮಾಡಿ ಸಂಗ್ರಹಾಲಯಕ್ಕೂ ಒಂದು ಪ್ರತಿ ಕೊಟ್ಟಿದ್ದ ಮಾದರಿಯಲ್ಲಿ ಆ ತಿರುಪುಗಳು ಇರಲಿಲ್ಲ. ಅವಳು ಎರಡನ್ನೂ ಪಕ್ಕಪಕ್ಕ ಹಿಡಿದು ಬಹಳ ಹೊತ್ತು ನೋಡಿದಳು. ಕಡಿಮೆ ಹಾಕಿದ್ದೇ ಚೆನ್ನಾಗಿತ್ತು.

ಬುಧವಾರ ಸಂಜೆಯ ಹೊತ್ತಿಗೆ ಆರು ಪ್ರಿಂಟು ಹಗ್ಗದ ಮೇಲಿದ್ದವು. ಏಳು ಗಂಟೆಗೆ ಅಧಿಕಾರಿಗೆ ಫೋನ್ ಮಾಡಿ, "ಆಗುತ್ತೆ," ಎಂದಷ್ಟೇ ಹೇಳಿದಳು. ಗುರುವಾರ ಇನ್ನೂ ಏಳು ಆದವು. ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಹದಿನಾರನೆಯದನ್ನು ತೊಳೆದು ನೇತುಹಾಕಿ, ಹದಿನೇಳನೆಯದರ ಹಾಳೆಗೆ ದ್ರಾವಣ ಹಚ್ಚಿ ಮೇಜಿನ ಮೇಲೆ ಒಣಗಲು ಬಿಟ್ಟಳು.

ಎರಡು ಗಂಟೆಗೆ ಕಣ್ಣಿನ ಔಷಧಿ ಹಾಕಿಸಿಕೊಂಡ ಅತ್ತೆ ಕುರ್ಚಿಯಲ್ಲಿ ಕೂರಬೇಕಾದ ಐದು ನಿಮಿಷ ಕೂರಲಿಲ್ಲ. ಸೊಸೆಯ ಹಿಂದೆಯೇ ಕೋಣೆಗೆ ಬಂದು ಮೇಜಿನ ಮೇಲೆ ಬಗ್ಗಿದರು. ಅಲ್ಲಿದ್ದದ್ದು ಬರೀ ಹಳದಿ ಹಾಳೆ.

"ಇದರಲ್ಲಿ ನಾನೆಲ್ಲಿದೀನಿ?"

"ಇನ್ನೂ ಬಂದಿಲ್ಲ ಅತ್ತೆ. ಹಿಂದೆ ಸರೀರಿ."

ಅಷ್ಟರಲ್ಲಿ ಅತ್ತೆಯ ಕೆನ್ನೆಯಿಂದ ಒಂದು ಹನಿ ಹಾಳೆಯ ನಡುವೆ ಬಿತ್ತು. ಬಿದ್ದ ಜಾಗದಲ್ಲಿ ಹಳದಿ ಕರಗಿ ನಾಣ್ಯದಗಲದ ಬಿಳಿ ವೃತ್ತವಾಯಿತು.

ಇಬ್ಬರೂ ಅದನ್ನೇ ನೋಡುತ್ತ ನಿಂತರು.

"ಹನಿ ದಪ್ಪ ಅಂತ ನಾನು ಹೇಳಿರ್ಲಿಲ್ವಾ?" ಎಂದರು ಅತ್ತೆ, ಸಣ್ಣ ದನಿಯಲ್ಲಿ.

ಬಾಯಿ ತೆರೆದರೆ ಕೆಟ್ಟ ಮಾತೇ ಬರುತ್ತದೆಂದು ಪ್ರಿಂಟಕ್ಕನಿಗೆ ಗೊತ್ತಿತ್ತು. ಸೀಸೆ ಎತ್ತಿ ನೋಡಿದಳು. ಇನ್ನು ಎಂಟು ಪ್ರಿಂಟು ಆಗಬೇಕು, ಲೆಕ್ಕದ ಪ್ರಕಾರ ಎಂಟಕ್ಕೇ ಇದೆ. ಆದರೆ ಸೀಸೆಯ ಗೋಡೆಗೆ ಅಂಟಿದ್ದು, ಡ್ರಾಪರಿನಲ್ಲಿ ಉಳಿದದ್ದು ಲೆಕ್ಕದಲ್ಲಿ ಇರಲಿಲ್ಲ. ಏಳಕ್ಕೆ ಖಂಡಿತ ಸಾಕು. ಎಂಟನೆಯದು ಹೇಳಲಾಗದು.

"ನಂದು ಕೊನೆಗೆ ಮಾಡು," ಎಂದರು ಅತ್ತೆ. "ಹದಿನೆಂಟು ಈಗ ಮಾಡು. ಆಮೇಲೆ ಹತ್ತೊಂಬತ್ತು. ನಂದು ಎಲ್ಲಾ ಆದ್ಮೇಲೆ."

"ಇಪ್ಪತ್ಮೂರು ಕೊಟ್ರೆ ಅವರು ತಗೊಳ್ಳಲ್ಲ ಅತ್ತೆ. ಯಾರದು ಕೊನೆಗಾದ್ರೂ ಒಂದೇ."

"ನಿನಗೆ ಒಂದೇ. ಹದಿನೆಂಟನೇ ಆಸನದವಳು ಭಾನುವಾರ ಬರ್ತಾಳೆ. ನನ್ನಿಂದ ಅವಳದು ಕೆಡೋದು ಬೇಡ. ಕೆಟ್ರೆ ನಂದೇ ಕೆಡ್ಲಿ."

ಶುಕ್ರವಾರ ಸಂಜೆಗೆ ಇಪ್ಪತ್ತನೆಯದು ಮುಗಿಯಿತು. ಶನಿವಾರ ಹನ್ನೊಂದೂವರೆಗೆ ಇಪ್ಪತ್ತನಾಲ್ಕನೇ ಆಸನವೂ ಹಗ್ಗಕ್ಕೇರಿತು. ಅತ್ತೆ ಬಾಗಿಲಾಚೆ ಸ್ಟೂಲು ಹಾಕಿಕೊಂಡು, ಎರಡೂ ಕಣ್ಣಿಗೆ ಕರವಸ್ತ್ರ ಒತ್ತಿಕೊಂಡು ಕೂತಿದ್ದರು. ಔಷಧಿ ಹಾಕಲು ಇನ್ನೂ ಎರಡೂವರೆ ಗಂಟೆ ಇತ್ತು.

ಪ್ರಿಂಟಕ್ಕ ಸೀಸೆಯನ್ನು ಓರೆ ಮಾಡಿ ಡ್ರಾಪರ್ ಇಳಿಸಿದಳು. ಎಣಿಕೆ ಗಟ್ಟಿಯಾಗಿ ಕೇಳುತ್ತಿತ್ತು. ಹದಿನೈದು. ಹದಿನಾರು. ಹದಿನೇಳು. ಆಮೇಲೆ ಡ್ರಾಪರಿನಲ್ಲಿ ಬರೀ ಗಾಳಿ.

"ನಂಬರ್ ಪ್ಲೀಸ್," ಎಂದರು ಅತ್ತೆ ಕರವಸ್ತ್ರದೊಳಗಿಂದ.

"ಹದಿನೇಳು."

"ನನ್ನ ಆಸನಾನೇ ಬಂತಲ್ಲ."

"ಇನ್ನೂ ಮೂರು ಬೇಕು ಅತ್ತೆ."

ಅವಳು ಅದೇ ಡ್ರಾಪರಿನಿಂದ ಮೂರು ಹನಿ ಶುದ್ಧ ನೀರನ್ನು ಸೀಸೆಗೆ ಬಿಟ್ಟು, ಮುಚ್ಚಳ ಹಾಕಿ, ಸೀಸೆಯನ್ನು ಅಡ್ಡ ಮಲಗಿಸಿ ಅಂಗೈಯಲ್ಲಿ ನಿಧಾನ ಉರುಳಿಸಿದಳು. ಗೋಡೆಗೆ ಅಂಟಿದ್ದೆಲ್ಲ ಇಳಿಯಲಿ ಎಂದು ಎರಡು ನಿಮಿಷ ಕಾದಳು. ನೀರಿಗೆ ಚಹಾದ ಬಣ್ಣ ಬಂತು. ಮತ್ತೆ ಡ್ರಾಪರ್ ಇಳಿಸಿದಳು. ಹದಿನೆಂಟು. ಹತ್ತೊಂಬತ್ತು. ಇಪ್ಪತ್ತು.

ಕೊನೆಯ ಮೂರು ಹನಿಯಲ್ಲಿ ಲೋಹ ತೆಳು. ಅದಕ್ಕೆ ದೀಪದ ಕೆಳಗೆ ಎಂಟು ನಿಮಿಷದ ಬದಲು ಎಂಟೂವರೆ ನಿಮಿಷ ಇಟ್ಟಳು. ಹಾಳೆಯನ್ನು ಟ್ರೇಯಲ್ಲಿ ಮಲಗಿಸಿ, ಹದಿಮೂರು ವರ್ಷದ ಡೆವಲಪರನ್ನು ಒಂದೇ ಧಾರೆಗೆ ಸುರಿದಳು.

ಮೂವತ್ತು ವರ್ಷದ ಅತ್ತೆ ಬಂದರು. ಎಡಗೈಯಲ್ಲಿ ಕರೆ ಜೋಡಿಸುವ ತಂತಿಯ ಗೂಟ, ಬಲಗೈ ಹೆಡ್‌ಫೋನಿನ ಮೇಲೆ, ಯಾರದೋ ಮಾತಿಗೆ ತಡೆದುಕೊಂಡ ನಗು. ಹಿಂದಿನ ಫಲಕದ ಮೇಲೆ ಹದಿನೇಳು ಎಂಬ ಅಂಕಿ ಓದುವ ಹಾಗಿತ್ತು. ಎಲ್ಲೂ ಗೆರೆಯಿರಲಿಲ್ಲ.

"ಈಗ ಬನ್ನಿ ಅತ್ತೆ. ದೂರದಿಂದ ನೋಡಿ."

ಅತ್ತೆ ಎರಡು ಮಾರು ದೂರ ನಿಂತು, ಕೈ ಹಿಂದೆ ಕಟ್ಟಿಕೊಂಡು ನೋಡಿದರು. "ಯಾರ ಕರೆಯನ್ನೋ ಕದ್ದು ಕೇಳ್ತಿದೀನಿ ಅನ್ಸುತ್ತೆ," ಎಂದರು. "ಮುಖ ನೋಡಿದ್ರೆ ಗೊತ್ತಾಗುತ್ತೆ."

ಸಂಜೆ ನಾಲ್ಕಕ್ಕೆ ಐದು ನಿಮಿಷವಿರುವಾಗ ಅಧಿಕಾರಿ ಬಂದ. ಭೂತಗನ್ನಡಿ ತಂದಿದ್ದ, ಹಿಂದಿನ ವರ್ಷದ ಮಾದರಿಯ ತನ್ನ ಪ್ರತಿಯನ್ನೂ ತಂದಿದ್ದ. ಪ್ರಿಂಟುಗಳನ್ನು ಒಂದರಿಂದ ಇಪ್ಪತ್ತನಾಲ್ಕರವರೆಗೆ ಸಾಲಾಗಿ ಜೋಡಿಸಿ ಒಂದೊಂದನ್ನೂ ನೋಡಿದ. ಹದಿನೇಳನೆಯದನ್ನು ಉಳಿದವಕ್ಕಿಂತ ಹೆಚ್ಚು ಹೊತ್ತು ನೋಡಲಿಲ್ಲ, ಕಡಿಮೆ ಹೊತ್ತೂ ನೋಡಲಿಲ್ಲ.

"ಇದು ಮಾದರಿಯದೇ ವಿಧಾನ ತಾನೇ ಮೇಡಂ?"

"ಅದೇ."

"ಪೂರ್ತಿ ಪಲ್ಲಾಡಿಯಂ?"

"ಪೂರ್ತಿ. ಬೇರೇನೂ ಬೆರೆಸಿಲ್ಲ."

"ಮತ್ತೆ ಇವು ಮಾದರಿಗಿಂತ ಚೆನ್ನಾಗಿವೆಯಲ್ಲ. ಮಾದರಿಯಲ್ಲಿ ಈ ತಿರುಪುಗಳೇ ಇಲ್ಲ."

"ಮಾದರಿಯಲ್ಲಿ ಲೋಹ ಹೆಚ್ಚಾಗಿತ್ತು."

"ಹೆಚ್ಚಿದ್ರೆ ಒಳ್ಳೇದಲ್ವಾ?"

"ಚಹಾಗೆ ಸಕ್ಕರೆ ಹೆಚ್ಚಾದ ಹಾಗೆ," ಎಂದಳು ಪ್ರಿಂಟಕ್ಕ. ಅದಕ್ಕಿಂತ ಹೆಚ್ಚು ವಿವರಿಸಲು ಹೋಗಲಿಲ್ಲ.

ಅಧಿಕಾರಿ ಸಹಿ ಹಾಕಿದ. ಮಾದರಿಯನ್ನು ಅಲ್ಲೇ ಬಿಟ್ಟು ಇಪ್ಪತ್ತನಾಲ್ಕನ್ನೂ ತೆಗೆದುಕೊಂಡು ಹೋದ.

ಭಾನುವಾರ ಹತ್ತು ಗಂಟೆಗೆ ಹಜಾರ ತೆರೆಯಿತು. ಆರು ಆಪರೇಟರುಗಳೂ ಬಂದಿದ್ದರು, ಒಬ್ಬರು ಗಾಲಿಕುರ್ಚಿಯಲ್ಲಿ. ಒಬ್ಬೊಬ್ಬರನ್ನೂ ಅವರವರ ಚಿತ್ರದ ಕೆಳಗೆ ಕೂರಿಸಲಾಯಿತು. ಅತ್ತೆಯ ಪಕ್ಕದಲ್ಲಿ ಹದಿನೆಂಟನೇ ಆಸನದವರು. ಇಬ್ಬರೂ ಬಂದ ಗಳಿಗೆಯಿಂದ ಮಾತು ನಿಲ್ಲಿಸಿರಲಿಲ್ಲ. ಅಧಿಕಾರಿ ಮಾತಾಡಲು ಎದ್ದು ನಿಂತಾಗ ಯಾರದೋ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು.

"ನಂಬರ್ ಪ್ಲೀಸ್," ಎಂದರು ಆರು ಜನ, ಒಂದೇ ದನಿಯಲ್ಲಿ.

ಹಜಾರವೆಲ್ಲ ನಕ್ಕಿತು. ಅಧಿಕಾರಿ ತನ್ನ ಭಾಷಣದ ಚೀಟಿ ಮಡಚಿ ಜೇಬಿಗಿಟ್ಟು ಕೂತುಬಿಟ್ಟ.

ಪ್ರಿಂಟಕ್ಕ ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಮೇಷ್ಟ್ರು ಮಗಳ ಜೊತೆ ಮೊದಲ ಬಸ್ಸಿಗೇ ಬಂದಿದ್ದರು. ಗೋಡೆಯ ಉದ್ದಕ್ಕೂ ನಡೆದು, ಒಂದೊಂದು ಚಿತ್ರಕ್ಕೂ ಮೂಗು ತಾಗುವಷ್ಟು ಹತ್ತಿರ ಹೋಗಿ, ಇಪ್ಪತ್ತನಾಲ್ಕೂ ಮುಗಿಸಿ ಶಿಷ್ಯೆಯ ಮುಂದೆ ಬಂದು ನಿಂತರು.

"ಹದಿನೇಳಕ್ಕೆ ಎಷ್ಟು ಹನಿ ಹಾಕಿದೆ?"

ಅವಳು ಬೆಚ್ಚಿದಳು. "ಇಪ್ಪತ್ತು. ಕೊನೇ ಮೂರು ಸೀಸೆ ತೊಳೆದಿದ್ದು. ಗೊತ್ತಾಯ್ತಾ?"

"ಇಲ್ಲ," ಎಂದರು ಮೇಷ್ಟ್ರು. "ನಿನ್ನ ಅತ್ತೆ ಆಗಲೇ ಎಲ್ಲರಿಗೂ ಹೇಳಿಯಾಗಿದೆ." ಆಮೇಲೆ, "ಡ್ರಾಪರ್ ನೀನೇ ಇಟ್ಕೋ. ಇದು ಒಡೆದ್ರೆ ಮಾತ್ರ ಅವತ್ತೇ ಹೇಳು," ಎಂದರು.

ಅಂದು ಸಂಜೆ ಮನೆಗೆ ಬಂದ ಮೇಲೆ ಅವಳು ಸಿಂಕಿನ ಮೇಲಿನ ಚೀಟಿ ಕಿತ್ತು ಹೊಸದು ಅಂಟಿಸಿದಳು: ಸೊನ್ನೆ ಬಿಂದು ಆರು ಮಿಲಿ ಕಬ್ಬಿಣ, ಸೊನ್ನೆ ಬಿಂದು ಆರು ಮಿಲಿ ಪಲ್ಲಾಡಿಯಂ. ಕೆಳಗೆ ಇನ್ನೊಂದು ಸಾಲು: ಬ್ರಷ್ಷಿಗೆ ಮೊದಲು ನೀರು.

ಮೂರು ವಾರದ ನಂತರ ಪಲ್ಲಾಡಿಯಂ ಬಂತು, ಹೇಳಿದ ಬೆಲೆಗೇ. ಅವಳು ಅರ್ಧ ಸೀಸೆ ಕೊಂಡಳು. ಆ ತಿಂಗಳ ಕೊನೆಗೆ ಸಂಗ್ರಹಾಲಯದಿಂದ ಎರಡನೇ ಡಬ್ಬಿ ಬಂತು. ಅದರಲ್ಲಿ ತಂತಿ ದುರಸ್ತಿಯವರ ಮೂವತ್ತೊಂದು ನೆಗೆಟಿವ್ ಇದ್ದವು. ದರ್ಜಿ ಮುಂದಿನ ಬೀದಿಯಲ್ಲಿ ಕೋಣೆ ಹಿಡಿದ.